ಸಂಧಿಯ ಸುತ್ತ ಸೂಜಿಮೊನೆ: ಶ್ರೀರಂಗಪಟ್ಟಣದ ಒಪ್ಪಂದವೂ ಲಂಡನ್ನಿನ ವ್ಯಂಗ್ಯಚಿತ್ರಗಳೂ

ಸೋಮನಾಥಪುರ (ತಿರುಮಕೂಡಲು ನರಸೀಪುರ ತಾಲ್ಲೂಕು): ಹೊಯ್ಸಳರ ಕಾಲದ ಕೇಶವ ದೇವಾಲಯವನ್ನು ನೋಡಲು ಇಲ್ಲಿಗೆ ಬರುವ ಪ್ರವಾಸಿಗರಲ್ಲಿ ಹಲವರು ಬನ್ನೂರು ಮಾರ್ಗವಾಗಿ ಶ್ರೀರಂಗಪಟ್ಟಣಕ್ಕೂ ಹೋಗಿಬರುವುದುಂಟು. ಕಾವೇರಿಯ ದಡದ ಈ ಸೀಮೆ ಹದಿನೆಂಟನೇ ಶತಮಾನದ ಕೊನೆಯ ಹತ್ತು ವರ್ಷಗಳಲ್ಲಿ ಎರಡು ಬಾರಿ ಬ್ರಿಟಿಷ್ ದಂಡನ್ನು ಕಂಡಿದೆ. 1791ರ ಮೇ ತಿಂಗಳಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬನ್ನೂರಿಗೆ ಅನತಿ ದೂರದ ಅರಕೆರೆಯಲ್ಲಿ ಬೀಡುಬಿಟ್ಟು, ತುಂಬಿದ ಹೊಳೆಯನ್ನು ದಾಟಲಾರದೆ ಕೈಚೆಲ್ಲಿದ. ಎಂಟು ವರ್ಷಗಳ ತರುವಾಯ, 1799ರ ಮಾರ್ಚ್ ಕೊನೆಯಲ್ಲಿ, ಜನರಲ್ ಹ್ಯಾರಿಸ್‌ನ ಸೈನ್ಯವು ಸೋಮನಾಥಪುರದ ನೆರೆಯ ಸೋಸಲೆಯ ಬಳಿ ಅದೇ ಹೊಳೆಯನ್ನು ದಾಟಿತು. ಈ ಎರಡು ಘಟನೆಗಳ ನಡುವೆ, 1792ರ ಮಾರ್ಚ್ 18ರಂದು, ಆದದ್ದೇ ಶ್ರೀರಂಗಪಟ್ಟಣದ ಒಪ್ಪಂದ.

ಒಪ್ಪಂದದ ಷರತ್ತುಗಳು ಶಾಲೆಯ ಪಠ್ಯಪುಸ್ತಕದಿಂದಲೇ ಎಲ್ಲರಿಗೂ ಪರಿಚಿತ. ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ದಂಡ, ಟಿಪ್ಪು ಸುಲ್ತಾನನ ಇಬ್ಬರು ಮಕ್ಕಳ ಒತ್ತೆ. ಆದರೆ ಆ ಯುದ್ಧ ಹಾಗೂ ಆ ಸಂಧಿಯ ಸುತ್ತ ಲಂಡನ್ ನಗರದ ಅಂಗಡಿಗಳಲ್ಲಿ ಮಾರಾಟಕ್ಕೆ ಬಂದ ವ್ಯಂಗ್ಯಚಿತ್ರಗಳ ವಿಷಯ ಕನ್ನಡ ಓದುಗರಿಗೆ ಅಷ್ಟಾಗಿ ತಿಳಿದಿಲ್ಲ. ಅವುಗಳನ್ನು ಮೊದಲ ಬಾರಿ ನೋಡುವವರಿಗೆ ಎದ್ದುಕಾಣುವ ಅಂಶ ಒಂದಿದೆ. ಅಲ್ಲಿ ನಗೆಪಾಟಲಿಗೆ ಈಡಾಗಿರುವವರು ಬಹುತೇಕ ಬ್ರಿಟಿಷರೇ: ಅವರ ಸೇನಾಪತಿ, ಅವರ ಸಚಿವ, ಅವರ ರಾಜ ಮತ್ತು ರಾಣಿ.

ತಾಮ್ರದ ತಗಡಿನ ಪತ್ರಿಕೋದ್ಯಮ

ಅಂದಿನ ಲಂಡನ್ನಿನಲ್ಲಿ ದಿನಪತ್ರಿಕೆಗಳಿದ್ದವು, ಆದರೆ ಅವುಗಳಲ್ಲಿ ಇಂದಿನಂತೆ ಚಿತ್ರಗಳಿರಲಿಲ್ಲ. ವ್ಯಂಗ್ಯಚಿತ್ರಗಳು ಬಿಡಿ ಹಾಳೆಗಳಾಗಿ ಪ್ರತ್ಯೇಕವಾಗಿ ಮಾರಾಟವಾಗುತ್ತಿದ್ದವು. ತಾಮ್ರದ ತಗಡಿನ ಮೇಲೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಗೆರೆ ಎಳೆದು, ಆಮ್ಲದಲ್ಲಿ ಅದ್ದಿದರೆ ಸೂಜಿ ಹರಿದಲ್ಲೆಲ್ಲ ಲೋಹ ಸವೆದು ಗುಳಿ ಬೀಳುತ್ತದೆ. ಆ ಗುಳಿಗಳಿಗೆ ಮಸಿ ತುಂಬಿ, ಒದ್ದೆ ಕಾಗದವನ್ನು ಒತ್ತಿ ತೆಗೆದರೆ ಅಚ್ಚು ಸಿದ್ಧ. ಅಕ್ಷರಗಳನ್ನು ತಗಡಿನ ಮೇಲೆ ತಿರುವುಮುರುವಾಗಿ ಬರೆಯಬೇಕಿತ್ತು. ಬಣ್ಣವನ್ನು ಆಮೇಲೆ ಒಂದೊಂದೇ ಪ್ರತಿಗೆ ಕೈಯಿಂದ ಹಚ್ಚಲಾಗುತ್ತಿತ್ತು. ಬಣ್ಣದ ಪ್ರತಿಗೆ ಬೆಲೆಯೂ ಹೆಚ್ಚು. ಕೊಳ್ಳಲಾಗದವರು ಅಂಗಡಿಯ ಗಾಜಿನ ಕಿಟಕಿಗೆ ಮುಖವೊಡ್ಡಿ ನಿಂತು ಪುಕ್ಕಟೆಯಾಗಿ ನೋಡುತ್ತಿದ್ದರು.

ಇಂಗ್ಲೆಂಡಿನಲ್ಲಿ ಮುದ್ರಣಕ್ಕೆ ಮುಂಚಿತವಾಗಿ ಸರ್ಕಾರದ ಪರವಾನಗಿ ಪಡೆಯಬೇಕೆಂಬ ಕಾನೂನು 1695ರಲ್ಲಿಯೇ ರದ್ದಾಗಿತ್ತು. ಹೀಗಾಗಿ ರಾಜನ ಮೂಗನ್ನು ಎಷ್ಟು ಉದ್ದ ಬೇಕಾದರೂ ಎಳೆಯಬಹುದಿತ್ತು. ಈ ಸ್ವಾತಂತ್ರ್ಯವನ್ನು ಪೂರ್ತಿಯಾಗಿ ಬಳಸಿಕೊಂಡವನು ಜೇಮ್ಸ್ ಗಿಲ್ರೇ (1756–1815). ಆತ ರಾಯಲ್ ಅಕಾಡೆಮಿಯಲ್ಲಿ ಕಲಿತ ಕಲಾವಿದ. 1790ರ ದಶಕದಲ್ಲಿ ಆತನ ಚಿತ್ರಗಳನ್ನು ಹೆಚ್ಚಾಗಿ ಪ್ರಕಟಿಸಿದವಳು ಹ್ಯಾನಾ ಹಂಫ್ರಿ ಎಂಬ ವ್ಯಾಪಾರಿ ಮಹಿಳೆ.

ಇಂಡಿಯಾದ ವಿಚಾರ ಈ ಚಿತ್ರಗಾರರಿಗೆ ಹೊಸದೇನೂ ಆಗಿರಲಿಲ್ಲ. 1783ರ ಡಿಸೆಂಬರಿನಲ್ಲಿ ಜೇಮ್ಸ್ ಸೇಯರ್ಸ್ ಎಂಬಾತ ಅಂದಿನ ವಿದೇಶಾಂಗ ಸಚಿವ ಫಾಕ್ಸ್‌ನನ್ನು 'ಕಾರ್ಲೋ ಖಾನ್' ಎಂಬ ಹೆಸರಿನಲ್ಲಿ ಆನೆಯ ಮೇಲೆ ಕೂರಿಸಿ ಮೆರವಣಿಗೆ ಹೊರಡಿಸಿದ್ದ. ಆನೆಗೆ ಲಾರ್ಡ್ ನಾರ್ತ್‌ನ ಮುಖ! ಈಸ್ಟ್ ಇಂಡಿಯಾ ಕಂಪನಿಯ ಆಡಳಿತವನ್ನು ಕೈವಶ ಮಾಡಿಕೊಳ್ಳಲು ಫಾಕ್ಸ್ ತಂದ ಮಸೂದೆಯ ವಿರುದ್ಧ ಈ ಚಿತ್ರ ಮಾಡಿದಷ್ಟು ಹಾನಿಯನ್ನು ಭಾಷಣಗಳು ಮಾಡಲಿಲ್ಲ ಎಂಬ ಮಾತಿದೆ.

ಸುಣ್ಣ ಬಳಿದ ಗೋಡೆಗಳು

ಅದೇ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿಯೂ ರಾಜಕೀಯ ವ್ಯಂಗ್ಯಚಿತ್ರಗಳಿದ್ದವು ಎಂಬುದು ಈ ಕಥೆಯ ಅತಿ ಸ್ವಾರಸ್ಯದ ಭಾಗ. ಮುಂದೆ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810 ಮತ್ತು 1817ರ ನಡುವೆ ಪ್ರಕಟಿಸಿದ ದಕ್ಷಿಣ ಭಾರತದ ಇತಿಹಾಸದಲ್ಲಿ ಇದರ ವಿವರವಿದೆ. ಟಿಪ್ಪುವಿನ ಆಜ್ಞೆಯಂತೆ ಪಟ್ಟಣದ ಮುಖ್ಯ ಬೀದಿಗಳ ಮನೆಗೋಡೆಗಳ ಮೇಲೆ ಇಂಗ್ಲಿಷರನ್ನು ಅಣಕಿಸುವ ಆಳೆತ್ತರದ ಚಿತ್ರಗಳನ್ನು ಬರೆಸಲಾಗಿತ್ತು. ಒಂದರಲ್ಲಿ ನಡುಗುತ್ತಿರುವ ಇಂಗ್ಲಿಷಿನವನನ್ನು ಹುಲಿ ಹಿಡಿದಿತ್ತು. ಇನ್ನೊಂದರಲ್ಲಿ ಕುದುರೆ ಸವಾರನೊಬ್ಬ ಒಂದೇ ಏಟಿಗೆ ಎರಡು ತಲೆ ತೆಗೆಯುತ್ತಿದ್ದ. ಮತ್ತೊಂದರಲ್ಲಿ ಕಂಪನಿಯ ಆಶ್ರಿತನಾದ ಆರ್ಕಾಟಿನ ನವಾಬ ಮಹಮದ್ ಅಲಿಯನ್ನು ಸೊಂಟಕ್ಕೆ ಹಗ್ಗ ಕಟ್ಟಿ ಇಂಗ್ಲಿಷಿನವನೊಬ್ಬನ ಮುಂದೆ ಎಳೆತರಲಾಗಿತ್ತು.

1791ರ ಮಾರ್ಚ್ 21ರಂದು ಬೆಂಗಳೂರು ಕೋಟೆ ಬಿತ್ತು. ಕಾರ್ನ್‌ವಾಲಿಸ್ ಮೇ ಮೊದಲ ವಾರ ಅಲ್ಲಿಂದ ಹೊರಟು ಕನಕಪುರ, ಮಳವಳ್ಳಿಗಳ ದಾರಿ ಹಿಡಿದ. ಶತ್ರು ಸಮೀಪಿಸುತ್ತಿದ್ದಂತೆ ಶ್ರೀರಂಗಪಟ್ಟಣದ ಆ ಚಿತ್ರಗಳಿಗೆಲ್ಲ ಎಚ್ಚರಿಕೆಯಿಂದ ಸುಣ್ಣ ಬಳಿಸಲಾಯಿತು ಎನ್ನುತ್ತಾನೆ ವಿಲ್ಕ್ಸ್. ರಾಜಧಾನಿಯೇ ಕೈಬಿಟ್ಟುಹೋದರೆ ಗೆದ್ದವರ ಕಣ್ಣಿಗೆ ಅವು ಬೀಳಬಾರದೆಂಬ ಅಳುಕು ಅದು. ವಿಲ್ಕ್ಸ್ ಟಿಪ್ಪುವಿನ ವಿರೋಧಿ ಪಾಳಯದವನು. ಅವನ ಮಾತನ್ನು ತೂಗಿ ನೋಡಬೇಕಾದುದು ಅಗತ್ಯ. ಆದರೂ ಗೋಡೆ ಚಿತ್ರಗಳ ಸ್ವಭಾವ ಹೇಗಿದ್ದಿರಬಹುದು ಎಂಬುದಕ್ಕೆ ದರಿಯಾ ದೌಲತ್ ಅರಮನೆಯ ಭಿತ್ತಿಗಳು ಸಾಕ್ಷಿಯಾಗಿವೆ. 1780ರ ಪೊಳ್ಳಿಲೂರು ಯುದ್ಧದ ಚಿತ್ರದಲ್ಲಿ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕಂಗಾಲಾಗಿ ಕುಳಿತಿದ್ದಾನೆ. ಹೈದರಾಬಾದಿನ ನಿಜಾಮನ ದಂಡಿನ ಬಳಿ ಹಸುವೂ ಹಂದಿಯೂ ಇವೆ. ಹಂದಿಯಂತೆ ನುಗ್ಗಿ ಬಂದು ಹಸುವಿನಂತೆ ಹಿಂದಿರುಗಿದ ಎಂದು ಅದಕ್ಕೆ ಅರ್ಥ ಹೇಳುವುದು ಇಲ್ಲಿನ ವಾಡಿಕೆ.

ಲಂಡನ್ನಿನ ಗಾಜಿನ ಕಿಟಕಿಗೂ ಶ್ರೀರಂಗಪಟ್ಟಣದ ಗೋಡೆಗೂ ಒಂದು ಮುಖ್ಯ ವ್ಯತ್ಯಾಸ ಇದೆ. ಇಲ್ಲಿಯ ಚಿತ್ರ ದೊರೆಯ ಅಪ್ಪಣೆಯಿಂದ ಶತ್ರುವನ್ನು ಅಣಕಿಸಿತು. ಅಲ್ಲಿಯದು ಹಣ ಕೊಟ್ಟು ಕೊಳ್ಳುವವರ ಸಲುವಾಗಿ ತನ್ನ ದೊರೆಯನ್ನೇ ಅಣಕಿಸಿತು.

ತಡವಾಗಿ ಸುರಿದ ಮುಂಗಾರು

ಮೇ 13ರಂದು ಅರಕೆರೆ ತಲುಪಿದ ಕಾರ್ನ್‌ವಾಲಿಸ್‌ಗೆ ಕಾವೇರಿ ದಾರಿ ಬಿಡಲಿಲ್ಲ. ಮೇ 15ರಂದು ಶ್ರೀರಂಗಪಟ್ಟಣದ ಹೊರಬಯಲಿನಲ್ಲಿ ನಡೆದ ಕಾಳಗದಲ್ಲಿ ಮೇಲುಗೈಯಾದರೂ ಅದರಿಂದ ಪ್ರಯೋಜನವಾಗಲಿಲ್ಲ. ಟಿಪ್ಪು ಮೊದಲೇ ಸುತ್ತಲ ಪ್ರದೇಶದ ಮೇವು, ಧಾನ್ಯಗಳನ್ನು ಸುಡಿಸಿದ್ದ. ಮಳೆ ಹಿಡಿಯಿತು, ಸಾವಿರಾರು ಎತ್ತುಗಳು ಸತ್ತವು, ತೋಪು ಎಳೆಯಲು ದನಗಳಿಲ್ಲವಾದವು. ಕೊನೆಗೆ ಕನ್ನಂಬಾಡಿಯ ಬಳಿ ಮುತ್ತಿಗೆಯ ಭಾರೀ ತೋಪುಗಳನ್ನು ತನ್ನ ಕೈಯಾರೆ ನಾಶಪಡಿಸಿ ಕಾರ್ನ್‌ವಾಲಿಸ್ ಹಿಂದೆ ಸರಿದ. (ಆ ಹಳೆಯ ಕನ್ನಂಬಾಡಿ ಈಗ ಕೃಷ್ಣರಾಜಸಾಗರದ ನೀರಿನ ಕೆಳಗಿದೆ.) ಮಿತ್ರರಾದ ಮರಾಠರ ದಂಡು ಬಂದು ಕೂಡಿದ್ದು ತೋಪುಗಳು ನಾಶವಾದ ಕೆಲವೇ ದಿನಗಳ ಮೇಲೆ. ಅವರು ಬರುತ್ತಿರುವ ಸುದ್ದಿಯನ್ನು ಹೊತ್ತ ಹರಿಕಾರರನ್ನು ಮೈಸೂರಿನ ಸವಾರರು ದಾರಿಯಲ್ಲೇ ತಡೆದಿದ್ದರು.

ಈ ಹಿಮ್ಮೆಟ್ಟುವಿಕೆಯನ್ನು ಕುರಿತು ಗಿಲ್ರೇ ರಚಿಸಿದ 'ಮುಂಗಾರಿನ ಆಗಮನ ಅಥವಾ ಶ್ರೀರಂಗಪಟ್ಟಣದಿಂದ ಹಿಂದೆಗೆತ' ಎಂಬ ಚಿತ್ರ ಪ್ರಕಟವಾದದ್ದು 1791ರ ಡಿಸೆಂಬರ್ 6ರಂದು. ಕಾರ್ನ್‌ವಾಲಿಸ್ ಗಾಬರಿಯಿಂದ ಪಲಾಯನ ಮಾಡುತ್ತಿದ್ದಾನೆ. ಕೋಟೆಯ ಮೇಲೆ ನಿಂತ ಟಿಪ್ಪು ಮೂತ್ರ ವಿಸರ್ಜಿಸುತ್ತಿದ್ದಾನೆ. ಕಂಪನಿಯ ಸೇನೆ ತನ್ನ ಸೋಲಿಗೆ ನೀಡಿದ ಕಾರಣ ಮಳೆ ತಾನೆ? ಆ ಮಳೆ ಎಲ್ಲಿಂದ ಬಂತು ಎಂಬುದನ್ನು ಗಿಲ್ರೇ ಹೀಗೆ ತೋರಿಸಿದ. ಹಾಸ್ಯ ಒರಟಾಗಿದೆ, ಸಭ್ಯವಲ್ಲ. ಅಂದಿನ ಲಂಡನ್ನಿನ ಅಭಿರುಚಿಗೆ ಅದು ಅಪರೂಪವೂ ಆಗಿರಲಿಲ್ಲ.

ಚಿತ್ರದ ಕುಟುಕು ಇನ್ನೂ ಆಳದಲ್ಲಿದೆ. ಹತ್ತು ವರ್ಷಗಳ ಹಿಂದೆ, 1781ರ ಅಕ್ಟೋಬರಿನಲ್ಲಿ, ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಜಾರ್ಜ್ ವಾಷಿಂಗ್ಟನ್ನನ ಸೇನೆಗೆ ಶರಣಾದವನು ಇದೇ ಕಾರ್ನ್‌ವಾಲಿಸ್. ಒಂದು ಖಂಡವನ್ನು ಕಳೆದ ಸೇನಾಪತಿಯನ್ನು ಇನ್ನೊಂದು ಖಂಡ ಗೆಲ್ಲಲು ಕಳುಹಿಸಿದ್ದೀರಲ್ಲ ಎಂಬ ಪ್ರಶ್ನೆ ಲಂಡನ್ನಿನ ನೋಡುಗರಿಗೆ ಬಿಡಿಸಿ ಹೇಳಬೇಕಾದುದಾಗಿರಲಿಲ್ಲ. ಇದಲ್ಲದೆ, ಇಂಡಿಯಾದಲ್ಲಿ ರಾಜ್ಯ ವಿಸ್ತರಣೆಯ ಯುದ್ಧಗಳು ದೇಶದ ಗೌರವಕ್ಕೆ ತಕ್ಕುದಲ್ಲವೆಂದು 1784ರ ಕಾಯಿದೆಯಲ್ಲಿ ಸಂಸತ್ತೇ ಘೋಷಿಸಿತ್ತು. ಹಾಗಿದ್ದೂ ಈ ಯುದ್ಧವೇಕೆ ಎಂದು ಫಿಲಿಪ್ ಫ್ರಾನ್ಸಿಸ್ ಮೊದಲಾದ ವಿರೋಧಿ ಸದಸ್ಯರು ಸಭೆಯಲ್ಲಿ ಪಟ್ಟುಹಿಡಿದು ಕೇಳುತ್ತಿದ್ದರು.

ಆದರೆ ಈ ಚಿತ್ರ ಅಂಗಡಿಯಲ್ಲಿ ತೂಗುವ ಹೊತ್ತಿಗೆ ಅದರ ವಿಷಯ ಹಳಸಿತ್ತು. ಸುದ್ದಿ ಹಡಗಿನಲ್ಲಿ ಲಂಡನ್ ತಲುಪಲು ನಾಲ್ಕರಿಂದ ಆರು ತಿಂಗಳು ಬೇಕಿತ್ತು. ಅಷ್ಟರಲ್ಲಿ ಕಂಪನಿಯ ಸೇನೆ ಅಕ್ಟೋಬರಿನಲ್ಲಿ ನಂದಿಬೆಟ್ಟವನ್ನು ಹಿಡಿದಿತ್ತು. ಚಿತ್ರ ಪ್ರಕಟವಾದ ಎರಡೇ ವಾರಗಳಲ್ಲಿ, ಡಿಸೆಂಬರ್ 21ರಂದು, ಸಾವನದುರ್ಗವೂ ಬಿದ್ದಿತು. ಲಂಡನ್ ನಗುತ್ತಿದ್ದಾಗ ಮಾಗಡಿ ಸೀಮೆಯ ಬಂಡೆಗಳ ಮೇಲೆ ತೋಪುಗಳು ಹಾರುತ್ತಿದ್ದವು.

ಬೀಳದ ಕೋಟೆ ಬಿತ್ತೆಂಬ ಸುದ್ದಿ

ಮುಂದಿನ ವರ್ಷದ ಚಿತ್ರದಲ್ಲಿ ಈ ತಡವೇ ಹಾಸ್ಯದ ವಸ್ತುವಾಯಿತು. 1792ರ ಫೆಬ್ರುವರಿ 6ರ ರಾತ್ರಿ ಮಿತ್ರಪಡೆಗಳು ದಾಳಿ ಮಾಡಿ ದ್ವೀಪದ ಪೂರ್ವ ಭಾಗವನ್ನು ಹಿಡಿದವು. ಲಾಲ್‌ಬಾಗಿನ ಮರಗಳು ಮುತ್ತಿಗೆಯ ಕೆಲಸಕ್ಕಾಗಿ ಉರುಳಿದವು. ಕೋಟೆ ಮಾತ್ರ ಬೀಳಲಿಲ್ಲ. ಫೆಬ್ರುವರಿಯ ಕೊನೆಯ ವಾರ ಮಾತುಕತೆಯಲ್ಲಿ ಯುದ್ಧ ನಿಂತಿತು. 1792ರ ಮೇ 23ರಂದು ಹೊರಬಂದ ಗಿಲ್ರೇಯ 'ಸ್ಕಾಚ್ ಹ್ಯಾರಿಯ ಸುದ್ದಿ ಅಥವಾ ಹಿಗ್ಗಿ ಹೀರೇಕಾಯಿಯಾದ ಪೆದ್ದ' ಎಂಬ ಚಿತ್ರದಲ್ಲಿ ಸ್ಕಾಟ್‌ಲೆಂಡಿನವನಾದ ಸಚಿವ ಹೆನ್ರಿ ಡುಂಡಾಸ್ ಓಡಿಬಂದು ಶ್ರೀರಂಗಪಟ್ಟಣ ಬಿತ್ತೆಂದೂ ಟಿಪ್ಪು ಗಾಯಗೊಂಡನೆಂದೂ ಲಕ್ಷಾಂತರ ವರಾಹಗಳು ಕೈಸೇರಿದವೆಂದೂ ಸಾರುತ್ತಾನೆ. ರಾಜ ಮೂರನೇ ಜಾರ್ಜ್ ಬೇಟೆಗೆ ಹೊರಟವನಂತೆ ಕೇಕೆ ಹಾಕುತ್ತಾನೆ. ರಾಣಿ ಷಾರ್ಲಟ್‌ಳ ಮನಸ್ಸೆಲ್ಲ ಆ ವರಾಹಗಳ ಮೇಲೆ.

ಇಂಗ್ಲಿಷರು 'ಪಗೋಡ' ಎನ್ನುತ್ತಿದ್ದ ನಾಣ್ಯ ನಮ್ಮ ವರಾಹವೇ. ರಾಣಿಯನ್ನು ಜಿಪುಣಿಯಾಗಿಯೂ ಹಣದಾಸೆಯವಳಾಗಿಯೂ ಚಿತ್ರಿಸುವುದು ಗಿಲ್ರೇಗೆ ರೂಢಿ. ಎರಡು ತಿಂಗಳ ಹಿಂದಷ್ಟೇ, ಮಾರ್ಚ್ 27ರಂದು, ಆತ ರಾಜ-ರಾಣಿಯರು ಮಕ್ಕಳಿಗೆ ಸಕ್ಕರೆಯಿಲ್ಲದ ಚಹಾ ಕುಡಿಸುವ ಚಿತ್ರ ಪ್ರಕಟಿಸಿದ್ದ. ಗುಲಾಮರು ಬೆಳೆದ ಸಕ್ಕರೆ ಬೇಡವೆಂಬ ಚಳವಳಿಯನ್ನು ಮುಂದಿಟ್ಟುಕೊಂಡು ಖರ್ಚು ಉಳಿಸುವ ಅರಮನೆ ಅದು. ಈಗ ಅದೇ ಅರಮನೆಗೆ ಮೈಸೂರಿನಿಂದ ಚಿನ್ನ ಬರುವ ಸುದ್ದಿ.

ಇಲ್ಲಿಯೂ ಕಾಲದ ವಿಚಿತ್ರ ಗಮನಾರ್ಹ. ಈ ಚಿತ್ರ ಪ್ರಕಟವಾದಾಗ ಒಪ್ಪಂದಕ್ಕೆ ಸಹಿ ಬಿದ್ದು ಎರಡು ತಿಂಗಳು ದಾಟಿತ್ತು. ಕೋಟೆ ಬಿದ್ದಿಲ್ಲ, ಟಿಪ್ಪು ಸಿಂಹಾಸನದ ಮೇಲೆಯೇ ಇದ್ದಾನೆ. ಸಚಿವನ ಮೂರು ಸುದ್ದಿಗಳಲ್ಲಿ ನಿಜವಾದದ್ದು ಹಣದ ಸುದ್ದಿಯೊಂದೇ.

ವರಾಹಗಳು ಬಂದದ್ದೆಲ್ಲಿಂದ?

3 ಕೋಟಿ 30 ಲಕ್ಷದಲ್ಲಿ ಅರ್ಧ ಕೂಡಲೇ, ಉಳಿದದ್ದು ಕಂತುಗಳಲ್ಲಿ ಸಲ್ಲಬೇಕಿತ್ತು. ಕಂಪನಿ, ಪೇಶ್ವೆ ಮತ್ತು ನಿಜಾಮ ಮೂವರಿಗೂ ಸಮಪಾಲು ಎಂಬುದು ಯುದ್ಧಕ್ಕೆ ಮುಂಚಿನ ಮಾತು. ಭೂಮಿಯಲ್ಲಿ ಕಂಪನಿಗೆ ಮಲಬಾರ್, ಬಾರಾಮಹಲ್, ದಿಂಡಿಗಲ್ ಸಿಕ್ಕವು. ಕೊಡಗಿನ ಮೇಲಿನ ಹಕ್ಕೂ ಮೈಸೂರಿನ ಕೈತಪ್ಪಿತು. ಮರಾಠರ ಗಡಿ ತುಂಗಭದ್ರೆಯವರೆಗೆ ಬಂತು. ಕಡಪ ಭಾಗ ನಿಜಾಮನ ಪಾಲಾಯಿತು.

ಹಣದ ಲೆಕ್ಕವನ್ನು ವಿಲ್ಕ್ಸ್ ಕೊಟ್ಟಿದ್ದಾನೆ. ಅವನ ಪ್ರಕಾರ ಸುಲ್ತಾನನ ಖಜಾನೆಯಿಂದ ತೆಗೆದದ್ದು 1 ಕೋಟಿ 10 ಲಕ್ಷ. ಸೈನ್ಯವು ನಜರಾನೆಯ ಹೆಸರಿನಲ್ಲಿ ಕೊಡಬೇಕಾದದ್ದು 60 ಲಕ್ಷ. ಉಳಿದ 1 ಕೋಟಿ 60 ಲಕ್ಷ, ಎಂದರೆ ಹತ್ತಿರ ಹತ್ತಿರ ಅರ್ಧ, ಅಧಿಕಾರಿಗಳು ಮತ್ತು ಪ್ರಜೆಗಳ ಮೇಲೆ ಬಿತ್ತು. ಅಧಿಕಾರಿಯ ಮೇಲೆ ಬಿದ್ದದ್ದು ಕೊನೆಗೆ ಯಾರ ಕಣಜಕ್ಕೆ ಕೈಹಾಕುತ್ತದೆ ಎಂಬುದನ್ನು ವಿವರಿಸುವ ಅಗತ್ಯವಿಲ್ಲ. ಅದೂ ಎಂಥ ಹೊತ್ತಿನಲ್ಲಿ? ಹಿಂದಿನ ವರ್ಷವಷ್ಟೇ ಮೇವು ಸುಟ್ಟು, ಹಲವು ದಂಡುಗಳು ತುಳಿದಾಡಿದ ನಾಡಿನಲ್ಲಿ.

ಗಿಲ್ರೇಯ ಸೂಜಿ ವರಾಹವನ್ನು ಗುರುತಿಸಿತು. ಗೆಲುವಿನ ಸಂಭ್ರಮದ ಹಿಂದೆ ಹಣದ ಆಸೆ ಇದೆ ಎಂಬುದನ್ನು ಅಷ್ಟು ನೇರವಾಗಿ ಹೇಳಿದ ಧೈರ್ಯವನ್ನು ಮೆಚ್ಚಲೇಬೇಕು. ಆದರೆ ಅದನ್ನು ಕೊಟ್ಟವರು ಅವನ ಚಿತ್ರದಲ್ಲಿಲ್ಲ. ಶ್ರೀರಂಗಪಟ್ಟಣದ ಗೋಡೆಗಳ ಮೇಲೆಯೂ, ವಿಲ್ಕ್ಸ್ ಹೇಳುವ ಮಟ್ಟಿಗೆ, ಅವರು ಇರಲಿಲ್ಲ.

ಇಬ್ಬರು ಬಾಲಕರು

ಒಪ್ಪಂದದ ಸುದ್ದಿ ವಿವರವಾಗಿ ತಲುಪಿದ ಮೇಲೆ ಲಂಡನ್ನಿನ ಚಿತ್ರಗಳ ಧಾಟಿಯೇ ಬದಲಾಯಿತು. ಫೆಬ್ರುವರಿ 26ರಂದು ಹತ್ತು ವರ್ಷದ ಅಬ್ದುಲ್ ಖಾಲಿಕ್ ಮತ್ತು ಎಂಟು ವರ್ಷದ ಮುಯಿಜುದ್ದೀನ್ ಆನೆಗಳ ಮೇಲೆ ಕೋಟೆಯಿಂದ ಹೊರಬಂದರು. ಸುಲ್ತಾನನ ವಕೀಲ ಗುಲಾಮ್ ಅಲಿ ಖಾನ್ ಅವರನ್ನು ಕಾರ್ನ್‌ವಾಲಿಸ್‌ಗೆ ಒಪ್ಪಿಸಿದ. ದಢೂತಿ ಸೇನಾಪತಿ ಮಕ್ಕಳ ಕೈಹಿಡಿದು ಡೇರೆಯೊಳಗೆ ಕರೆದೊಯ್ದ ಈ ದೃಶ್ಯವನ್ನು ಕಲಾವಿದರು ಮುಗಿಬಿದ್ದು ಚಿತ್ರಿಸಿದರು. ಸೇನೆಯ ಜೊತೆಯಲ್ಲಿದ್ದ ರಾಬರ್ಟ್ ಹೋಮ್ ಬರೆದ ಚಿತ್ರ ಈಗ ಲಂಡನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದಲ್ಲಿದೆ. ಇಂಡಿಯಾವನ್ನು ಕಂಡೇ ಇರದ ಮ್ಯಾಥರ್ ಬ್ರೌನ್ ಕೂಡ ಇದೇ ವಸ್ತುವನ್ನು ಆರಿಸಿಕೊಂಡ. ಅವನ ಚಿತ್ರದ ಅಚ್ಚನ್ನು ಡೇನಿಯಲ್ ಓರ್ಮ್ ಕೊರೆದ. ಬರ್ಮಿಂಗ್‌ಹ್ಯಾಮ್ ಬಳಿಯ ಬೋಲ್ಟನ್‌ನ ಟಂಕಸಾಲೆಯಲ್ಲಿ ಕುಕ್ಲರ್ ಎಂಬ ಶಿಲ್ಪಿ ಅದನ್ನೇ ಪದಕವಾಗಿ ಒತ್ತಿಸಿದ.

ಪಲಾಯನ ಮಾಡುತ್ತಿದ್ದ ಕಾರ್ನ್‌ವಾಲಿಸ್ ಈ ಅಚ್ಚುಗಳಲ್ಲಿ ತಂದೆಯಂಥ ಕರುಣಾಳು. ಅರ್ಧ ರಾಜ್ಯ ಕಿತ್ತುಕೊಂಡ ಕರಾರು ಮಕ್ಕಳ ಪಾಲನೆಯ ಕಥೆಯಾಗಿ ರೂಪಾಂತರ ಹೊಂದಿತು. ಆತ ಯುದ್ಧದ ಲಾಭಾಂಶದಲ್ಲಿ ತನ್ನ ಪಾಲನ್ನು ಬಿಟ್ಟುಕೊಟ್ಟದ್ದೂ ಈ ಕೀರ್ತಿಗೆ ಕೂಡಿಬಂತು. 1792ರಲ್ಲೇ ಮಾರ್ಕ್ವಿಸ್ ಪದವಿಯೂ ದೊರೆಯಿತು. ಮಕ್ಕಳ ಮುಖದೆದುರು ಅಣಕ ನಿಲ್ಲುವುದು ಕಷ್ಟ. 1791ರಲ್ಲಿ ಪಟ್ಟಣದ ಗೋಡೆಗಳಿಗೆ ಸುಣ್ಣ ಬಳಿದವರು ಟಿಪ್ಪುವಿನ ಆಳುಗಳು. ಲಂಡನ್ನಿನ ನಗೆಗೆ ಸುಣ್ಣ ಬಳಿದದ್ದು ಈ ಕೋಮಲ ಚಿತ್ರಗಳು ಎನ್ನಬಹುದು. ಹಣ ಸಲ್ಲಿಕೆಯಾದ ಬಳಿಕ 1794ರಲ್ಲಿ ಬಾಲಕರನ್ನು ತಂದೆಗೆ ಹಿಂದಿರುಗಿಸಲಾಯಿತು.

ಐದು ವರ್ಷಗಳಲ್ಲಿ ಸಂಧಿ ಮುರಿದುಬಿತ್ತು. 1799ರ ಮಾರ್ಚ್ 27ರಂದು ಮಳವಳ್ಳಿಯ ಕಾಳಗ, ಆಮೇಲೆ ಸೋಸಲೆಯ ಕಡು, ಮೇ 4ರಂದು ಕೋಟೆಯ ಪತನ ಮತ್ತು ಟಿಪ್ಪುವಿನ ಮರಣ. ಈ ಗೆಲುವಿನ ಸಡಗರದ ನಡುವೆ ಥಾಮಸ್ ರೋಲಂಡ್‌ಸನ್ ಎಂಬ ಚಿತ್ರಗಾರ ಅದೇ ವರ್ಷ 'ಟಿಪ್ಪುವಿನ ಸಾವು ಅಥವಾ ಜನಾನಾದ ಮುತ್ತಿಗೆ' ಎಂಬ ಅಚ್ಚನ್ನು ಹೊರತಂದ. ಅದರಲ್ಲಿ ಬ್ರಿಟಿಷ್ ಸೈನಿಕರು ಅಂತಃಪುರದ ಹೆಂಗಸರ ಮೇಲೆ ಎರಗಿದ್ದಾರೆ. ಲೇವಡಿಯ ನೆಪದಲ್ಲಿ ನೋಡುಗನ ಕಣ್ಣಿಗೆ ಔತಣ ಬಡಿಸುವ ಕೀಳು ಚಪಲವೂ ಅಲ್ಲಿದೆ. ಗಿಲ್ರೇಯ ರಾಜಕೀಯ ತೀಕ್ಷ್ಣತೆ ಇಲ್ಲ. ಆದರೂ ವೀರರ ಗುಣಗಾನದ ದೊಡ್ಡ ದೊಡ್ಡ ಚಿತ್ರಪಟಗಳು ಮುಚ್ಚಿಟ್ಟ ಒಂದು ಸಂಗತಿಯತ್ತ ಅದು ಬೆರಳು ತೋರಿತು.

ಗಿಲ್ರೇಯ ಅಚ್ಚುಗಳ ಪ್ರತಿಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅಲ್ಲಿನ ಸಂಗ್ರಹದ ವ್ಯಂಗ್ಯಚಿತ್ರಗಳಲ್ಲಿ 1771ರಿಂದ ಮುಂದಿನವನ್ನು ಒಂದೊಂದಾಗಿ ಗುರುತಿಸಿ, ಅರ್ಥ ಬಿಡಿಸಿ, ಸಂಪುಟಗಳಲ್ಲಿ ಪಟ್ಟಿ ಮಾಡಿದ ಇತಿಹಾಸಕಾರ್ತಿ ಡೊರೊತಿ ಜಾರ್ಜ್ ಅವರ ಶ್ರಮದಿಂದಾಗಿ ಅವುಗಳ ದಿನಾಂಕ ಸಹಿತ ವಿವರ ಲಭ್ಯವಾಗಿದೆ. ದರಿಯಾ ದೌಲತ್ ಭಿತ್ತಿಚಿತ್ರಗಳು ಹತ್ತೊಂಬತ್ತನೇ ಶತಮಾನದ ಮಧ್ಯದಲ್ಲಿ ಲಾರ್ಡ್ ಡಾಲ್‌ಹೌಸಿಯ ಆದೇಶದಂತೆ ಮರುಲೇಪನಗೊಂಡು ಉಳಿದಿವೆ. ಟಿಕೆಟ್ ಪಡೆದು ಯಾರಾದರೂ ನೋಡಬಹುದು. ಮುಖ್ಯ ಬೀದಿಯ ಮನೆಗೋಡೆಗಳ ಮೇಲಿದ್ದ ಹುಲಿ, ಕುದುರೆ ಸವಾರ ಮತ್ತು ಹಗ್ಗ ಕಟ್ಟಿದ ನವಾಬ ಮಾತ್ರ ಈಗ ವಿಲ್ಕ್ಸ್‌ನ ಪುಟಗಳಲ್ಲಷ್ಟೇ ಇದ್ದಾರೆ.